ರಿಫ್ರೆಶ್ ಕಾಕಾ

ಪ್ರತಿ ಹೌಸಿಂಗ್ ಸೊಸೈಟಿಗೂ ಒಬ್ಬ ಸೆಕ್ರೆಟರಿ, ಒಬ್ಬ ವಾಚ್‌ಮನ್, ಒಬ್ಬ ಲ್ಯಾಪ್‌ಟಾಪ್ ಡಾಕ್ಟರು ಇದ್ದೇ ಇರುತ್ತಾರೆ. ಸೆಕ್ರೆಟರಿಯನ್ನು ಜನರಲ್ ಬಾಡಿ ಮೀಟಿಂಗಿನಲ್ಲಿ ಇಳಿಸಬಹುದು. ವಾಚ್‌ಮನ್‌ನನ್ನು ಏಜೆನ್ಸಿಗೆ ಹೇಳಿ ಬದಲಿಸಬಹುದು. ಡಾಕ್ಟರನ್ನು ಯಾರೂ ಆರಿಸಿರುವುದಿಲ್ಲ, ಆದ್ದರಿಂದ ಇಳಿಸುವ ದಾರಿಯೂ ಇಲ್ಲ. ಅಂಬರನಾಥ ಪೂರ್ವದ ನಮ್ಮ ಕಟ್ಟಡದಲ್ಲಿ ಆ ಹುದ್ದೆ ಕಾಕಾ ಅವರದು. ವಿಜಯಪುರದ ಕಡೆಯವರು. ಮರಾಠಿ ಮಕ್ಕಳಿಗೂ ಕಾಕಾ, ಕನ್ನಡ ಮಕ್ಕಳಿಗೂ ಕಾಕಾ, ಕುಂದಾಪುರದಿಂದ ಬಂದ ನನಗೂ ಕಾಕಾ. ಬೆನ್ನ ಹಿಂದೆ ಮಾತ್ರ ರಿಫ್ರೆಶ್ ಕಾಕಾ.

ಹೆಸರು ಬಂದದ್ದು ಹೀಗೆ. ಯಾವ ಲ್ಯಾಪ್‌ಟಾಪಿನ ಮುಂದೆ ಕೂತರೂ ಅವರು ಮೊದಲು ಮೌಸಿನ ಬಲಗುಂಡಿ ಒತ್ತಿ ರಿಫ್ರೆಶ್ ಮಾಡುತ್ತಾರೆ. ಮತ್ತೆ ಬಲಗುಂಡಿ, ಮತ್ತೆ ರಿಫ್ರೆಶ್. ಪರದೆಯ ಮೇಲಿನ ಐಕಾನುಗಳು ಒಮ್ಮೆ ಕಣ್ಣು ಮಿಟುಕಿಸಿ ಇದ್ದಲ್ಲೇ ನಿಲ್ಲುತ್ತವೆ. "ನೋಡ್ರಿ, ಈಗ ಉಸಿರಾಡಾಕತ್ತೇತಿ" ಎನ್ನುತ್ತಾರೆ ಕಾಕಾ. ರಿಫ್ರೆಶ್ ಅಂದರೆ ಆ ಐಕಾನುಗಳನ್ನು ಪರದೆಯ ಮೇಲೆ ಇನ್ನೊಮ್ಮೆ ಬಿಡಿಸುವುದಷ್ಟೇ, ಅದರಿಂದ ಮೆಮೊರಿ ಖಾಲಿಯಾಗುವುದಿಲ್ಲ, ವೇಗ ಕೂದಲಷ್ಟೂ ಹೆಚ್ಚುವುದಿಲ್ಲ ಎಂದು ನನ್ನ ಮಗಳು ಒಮ್ಮೆ ಹೇಳಿ ನೋಡಿದಳು. ಕಾಕಾ ನಕ್ಕರು. "ಅದು ನಿಮ್ಮ ಕಾಲೇಜಿನಾಗ, ತಂಗಿ." ಅವರ ಸ್ವಂತ ಕೀಬೋರ್ಡಿನಲ್ಲಿ ಎಫ್5 ಕೀಲಿಯ ಮೇಲಿನ ಅಕ್ಷರ ಸವೆದು ಮಾಯವಾಗಿದೆ.

ಕಾಕಾ ಇಲ್ಲಿನ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ಲೇಥ್ ಮೇಲೆ ಕೈ ಪಳಗಿಸಿಕೊಂಡು ನಿವೃತ್ತರಾದವರು. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದರಲ್ಲ, ಅದನ್ನೂ ಅವರು "ಅಪ್ಡೇಟು" ಎಂದೇ ಕರೆಯುತ್ತಾರೆ. ಆ ಮಾತನ್ನು ಅವರು ಹೊಗಳಿಕೆಗೆ ಬಳಸಿದ್ದನ್ನು ನಾನು ಕೇಳಿಲ್ಲ.

ಅವರ ಋಣ ನನ್ನ ಮೇಲಿದೆ. ನಮ್ಮ ಲ್ಯಾಪ್‌ಟಾಪು ಆನ್ ಆಗುವಷ್ಟರಲ್ಲಿ ಹೆಂಡತಿ ಉಪ್ಪಿಟ್ಟು ಮಾಡಿ ಮುಗಿಸುತ್ತಿದ್ದ ಕಾಲವೊಂದಿತ್ತು. ಕಾಕಾ ಅದಕ್ಕೆ ಕಿವಿ ಹಚ್ಚಿ ಕೇಳಿದರು. ನಿಜವಾಗಿಯೂ ಕಿವಿ ಹಚ್ಚಿದರು. ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕು. "ಕಟ್ ಕಟ್ ಅನ್ನಾಕತ್ತೇತಿ. ಇದರ ದಿನಾ ತುಂಬೇತಿ" ಎಂದರು. ಮರುದಿನವೇ ನನ್ನನ್ನು ಲೋಕಲ್ ಹತ್ತಿಸಿ, ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿಗೆ ಒಯ್ದು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಸಿ ಒಂದು ಎಸ್‌ಎಸ್‌ಡಿ ಕೊಡಿಸಿದರು. ಅಂಗಡಿಯವನು ಕೊನೆಗೆ ದರ ಇಳಿಸಿದ್ದು ಕಾಕಾ ಅಲ್ಲಿಂದ ಎದ್ದು ಹೋಗಲಿ ಎಂಬ ಆಸೆಯಿಂದ. ರಾತ್ರಿ ಚಿಕ್ಕ ಸ್ಕ್ರೂಡ್ರೈವರಿನಲ್ಲಿ ತಾವೇ ಕೂರಿಸಿದರು. ಬೆಳಿಗ್ಗೆಯಿಂದ ಯಂತ್ರ ಹಾರತೊಡಗಿತು. ನಿಧಾನವಾದ ಹಳೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯ ಮದ್ದು ಇಂದಿಗೂ ಇಲ್ಲ. ಇದು ನನ್ನ ಮಗಳೂ ಒಪ್ಪುವ ಮಾತು.

ಕಷ್ಟ ಶುರುವಾದದ್ದು ಆಮೇಲೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಯಂತ್ರ 11ರ ಅರ್ಹತಾ ಪರೀಕ್ಷೆಯಲ್ಲಿ ಹೇಗೋ ಪಾಸಾಗಿದ್ದರಿಂದ ಮಗಳು ಶನಿವಾರ ರಾತ್ರಿ ಅದನ್ನು ಏರಿಸಿ ಮಲಗಿದಳು. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ತೆವಳುತ್ತಿತ್ತು, ಸಿ ಡ್ರೈವಿನ ಪಟ್ಟಿ ಕೆಂಪಾಗಿತ್ತು. ಹಾಗೆ ಆಗುವುದು ಸಹಜ. ಹೊಸ ವ್ಯವಸ್ಥೆ ಬಂದ ಮೇಲೆ ಅದು ಎಲ್ಲ ಫೈಲುಗಳ ಸೂಚಿಯನ್ನು ಹೊಸದಾಗಿ ಬರೆದುಕೊಳ್ಳುತ್ತದೆ, ವೈರಸ್ ತಪಾಸಣೆ ನಡೆಸುತ್ತದೆ. ಹಿಂತಿರುಗಬೇಕೆನಿಸಿದರೆ ಇರಲಿ ಎಂದು ಹಳೆಯದನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ 10 ದಿನ ಕಟ್ಟಿಡುತ್ತದೆ. ಚಾರ್ಜರಿಗೆ ಹಚ್ಚಿ ಅದರ ಪಾಡಿಗೆ ಬಿಟ್ಟರೆ ಸಾಕು.

ಬಿಡಲು ಕಾಕಾ ಬರಬಾರದಿತ್ತು. "ವೈನಿ, ಚಾ ಇಡ್ರಿ" ಎನ್ನುತ್ತಲೇ ಬಂದರು. ರಿಫ್ರೆಶ್. ರಿಫ್ರೆಶ್. ನಂತರ ಟೆಂಪ್ ಫೋಲ್ಡರು ಖಾಲಿ. ಅದು ಸರಿ. ಆಮೇಲೆ ಪ್ರಿಫೆಚ್ ಖಾಲಿ. ಅದು ತಪ್ಪು, ಯಾಕೆಂದರೆ ಆ್ಯಪುಗಳು ಬೇಗ ತೆರೆಯಲೆಂದೇ ಯಂತ್ರ ಬರೆದಿಟ್ಟುಕೊಂಡ ಟಿಪ್ಪಣಿಗಳು ಅಲ್ಲಿರುತ್ತವೆ. ಕಾಕಾ ಅಳಿಸಿದ್ದನ್ನು ಅದು ಮತ್ತೆ ಬರೆಯತೊಡಗಿತು, ಕಾಕಾ ಮತ್ತೆ ಅಳಿಸಿದರು. ಎಲ್ಲಿಂದಲೋ ಇಳಿಸಿಕೊಂಡ ಒಂದು ರಿಜಿಸ್ಟ್ರಿ ಕ್ಲೀನರು ನೂರಾರು ದೋಷ ತೋರಿಸಿ, ಸರಿಪಡಿಸಲು ದುಡ್ಡು ಕೇಳಿತು. ಸದ್ಯ, ದುಡ್ಡಿನ ಮಾತು ಬಂದಲ್ಲಿ ಕಾಕಾ ಯಾರ ಮಾತೂ ಕೇಳುವುದಿಲ್ಲ.

ಕಟ್ಟಕಡೆಗೆ ಅವರ ಬ್ರಹ್ಮಾಸ್ತ್ರ, ಡಿಫ್ರ್ಯಾಗ್. ತಿರುಗುವ ಡಿಸ್ಕಿನಲ್ಲಿ ಚದುರಿದ ಫೈಲಿನ ತುಂಡುಗಳನ್ನು ಒಟ್ಟುಗೂಡಿಸಿದರೆ ಓದುವ ಮುಳ್ಳಿಗೆ ಓಡಾಟ ಕಡಿಮೆ. ಹಿಂದೆ ಅದು ತಾಸುಗಟ್ಟಲೆ ನಡೆಯುತ್ತಿತ್ತು, ಕಾಕಾ ಎದುರಿಗೆ ಕೂತು ತಮ್ಮ ಸರ್ವಿಸಿನ ಕಥೆ ಹೇಳುತ್ತಿದ್ದರು. ಎಸ್‌ಎಸ್‌ಡಿಯಲ್ಲಿ ಓಡಾಡಲು ಮುಳ್ಳೇ ಇಲ್ಲ. ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಚಿಕ್ಕ ಸ್ವಚ್ಛತೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಕಾಕಾ ಆಪ್ಟಿಮೈಸ್ ಒತ್ತಿದರು. ಚಾ ಆರುವ ಮೊದಲೇ ಮುಗಿಯಿತು.

"ಆತಾ?" ಎಂದರು. ನಂಬಲಿಲ್ಲ. ಬಗ್ಗಿ ಕಿವಿ ಹಚ್ಚಿದರು. "ಸಪ್ಪಳನ ಇಲ್ಲಲ್ರೀ ಇದರಾಗ."

ಇರುವುದಾದರೂ ಹೇಗೆ? ಸಪ್ಪಳ ಮಾಡುವುದನ್ನು ಬಿಚ್ಚಿ ತೆಗೆದವರು ಅವರೇ. ಬೇರಿಂಗ್ ಕೆಡುವ ಮುಂಚೆಯೇ ಶೆಡ್ಡಿನ ಆ ತುದಿಯಿಂದ ಗುರುತು ಹಿಡಿಯುತ್ತಿದ್ದ ಕಿವಿ ಅದು. ಈಗ ಅದಕ್ಕೆ ಕೇಳಿಸುವಂಥ ಕಾಯಿಲೆ ಯಾವ ಮನೆಯ ಲ್ಯಾಪ್‌ಟಾಪಿಗೂ ಬರುವುದಿಲ್ಲ. ಅವರ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ತನ್ನ ಯಂತ್ರವನ್ನು ಅಪ್ಪನಿಗೆ ಮುಟ್ಟಗೊಡುವುದಿಲ್ಲ. ಹಾಗಾಗಿ ನಮ್ಮದನ್ನು ಮುಟ್ಟುತ್ತಾರೆ. ನಾನು ಇನ್ನೊಂದು ಚಾ ಹೇಳಿದೆ. ಮಗಳು ಕಣ್ಣು ಕೆಕ್ಕರಿಸಿದಳು.

ಸಂಜೆಯ ಹೊತ್ತಿಗೆ ಸೂಚಿ, ತಪಾಸಣೆ ಎಲ್ಲ ಮುಗಿದು ಲ್ಯಾಪ್‌ಟಾಪು ತಾನಾಗಿ ಚುರುಕಾಯಿತು. ಆ ಗಳಿಗೆಯಲ್ಲಿ ಕಾಕಾ ಮತ್ತೊಮ್ಮೆ ರಿಫ್ರೆಶ್ ಒತ್ತುತ್ತಿದ್ದರು. ಕೀರ್ತಿ ಯಾರಿಗೆ ಹೋಯಿತೆಂದು ಹೇಳಬೇಕಿಲ್ಲ. ಮಾರನೆಯ ಬೆಳಿಗ್ಗೆ ಎರಡನೇ ಮಹಡಿಯ ಮರಾಠಿ ಮನೆಯಿಂದಲೂ ಕರೆ ಬಂತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಪ್‌ಡೇಟಿನ ಮರುದಿನ ಲ್ಯಾಪ್‌ಟಾಪು ತೆವಳಿದರೆ ಒಂದು ದಿನ ಸುಮ್ಮನಿರಿ. ಡ್ರೈವಿನಲ್ಲಿ ಒಂದಿಷ್ಟು ಜಾಗ ಯಾವಾಗಲೂ ಖಾಲಿ ಇರಲಿ. ಆನ್ ಆಗುವಾಗಲೇ ಎದ್ದು ಕೂರುವ, ಬೇಡದ ಆ್ಯಪುಗಳನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಅಪ್‌ಡೇಟೊಂದು ಕೆಲವರ ಫೈಲುಗಳನ್ನೇ ಅಳಿಸಿಹಾಕಿ, ಅದರ ವಿತರಣೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಅದಕ್ಕೇ ಫೋಟೋ, ಕಾಗದಪತ್ರಗಳ ಒಂದು ನಕಲನ್ನು ಬೇರೆ ಡ್ರೈವಿನಲ್ಲಿ ತೆಗೆದಿಡಿ. ಇಷ್ಟಾದ ಮೇಲೆ ನಿಮ್ಮ ಕಟ್ಟಡದ ಕಾಕಾ ಅವರನ್ನು ಧಾರಾಳವಾಗಿ ಕರೆಯಿರಿ. ನಕಲು ತೆಗೆದಿಟ್ಟ ವಿಷಯ ಮಾತ್ರ ಅವರಿಗೆ ಹೇಳಬೇಡಿ, ಅದನ್ನೂ ರಿಪೇರಿ ಮಾಡುತ್ತಾರೆ.