ಆರು ತಿಂಗಳ ಸೀನಿಯರ್

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಐದೂವರೆಯ ಮೇಲೆ ಯಾರಿಗೂ ಸ್ವಂತ ಹೆಸರಿರುವುದಿಲ್ಲ. ಬ್ಯಾಂಕಿನ ಮ್ಯಾನೇಜರು, ಕಾಲೇಜಿನ ಲೆಕ್ಚರರು, ಸಾಫ್ಟ್‌ವೇರಿನವರು, ಎಲ್ಲರೂ ಹೆಸರು-ಹುದ್ದೆಗಳನ್ನು ಗೇಟಿನ ಹೊರಗೆ ಬಿಟ್ಟು ಬರುತ್ತಾರೆ. ಒಳಗಿರುವವರು ಗುಂಡನ ಪಪ್ಪ, ಪಾಪು ಮಮ್ಮಿ, ಬಂಗಾರಿ ಅಜ್ಜಿ. ಇಲ್ಲಿ ಹಿರಿತನ ತೀರ್ಮಾನವಾಗುವುದು ಮಗು ಹುಟ್ಟಿದ ತಾರೀಖಿನ ಮೇಲೆ. ಆ ಲೆಕ್ಕದಲ್ಲಿ ನನ್ನ ಪಾಲಿಗೆ ಬಂದ ಸೀನಿಯರ್ ಚಿನ್ನು ಮಮ್ಮಿ. ಅವರ ಚಿನ್ನು ಜೂನ್ ತಿಂಗಳವಳು, ನಮ್ಮ ಪುಟ್ಟ ಅದೇ ವರ್ಷದ ಡಿಸೆಂಬರಿನವನು.

ಇಂಥವರೊಬ್ಬರು ನಿಮ್ಮ ಪಾರ್ಕಿನಲ್ಲೂ ಇದ್ದೇ ಇರುತ್ತಾರೆ. ಹೆಗಲಿನ ಚೀಲ ನೋಡಿದರೆ ಗುರುತು ಸಿಗುತ್ತದೆ. ಅದರಲ್ಲಿ ಎರಡು ಜೊತೆ ಚಡ್ಡಿ, ಸ್ಟೀಲ್ ಡಬ್ಬಿಯಲ್ಲಿ ಕಡ್ಲೆಪುರಿ, ಸೊಳ್ಳೆಗೆ ಬಳಿಯುವ ಕ್ರೀಮು, ಜ್ವರದ ಸಿರಪ್ಪು, ಬೇರೆಯವರ ಮಕ್ಕಳಿಗೂ ಸಾಲುವಷ್ಟು ಟಿಶ್ಯೂ. ಬೆನ್ನು ತಿರುಗಿಸಿಕೊಂಡು ಮಾತಾಡುತ್ತಿರುವಾಗಲೇ "ಚಿನ್ನೂ, ಮಣ್ಣು ಬಾಯಿಗೆ ಬೇಡ" ಎನ್ನುತ್ತಾರೆ. ಅಲ್ಲಿ ಜಾರುಬಂಡೆಯ ಕೆಳಗೆ ಚಿನ್ನು ಎತ್ತಿದ ಕೈ ಇಳಿಸುತ್ತಾಳೆ. ನಮಗಿನ್ನೂ ಆ ಸಿದ್ಧಿ ಒಲಿದಿಲ್ಲ.

ಆರು ತಿಂಗಳೇ ಯಾಕೆ ಎಂದು ಕೇಳಬಹುದು. ಹತ್ತು ವರ್ಷದ ಮಗನಿರುವವರಿಗೆ ಎಲ್ಲ ಮರೆತುಹೋಗಿರುತ್ತದೆ. ಸರೀಕರ ಮಕ್ಕಳ ತಾಯಂದಿರು ನಮ್ಮ ಹಾಗೇ ನಿದ್ದೆಗೆಟ್ಟು ಕೂತಿರುತ್ತಾರೆ, ಅವರಿಗೆ ಸಲಹೆ ಕೊಡುವಷ್ಟು ತ್ರಾಣವಿರುವುದಿಲ್ಲ. ಆರು ತಿಂಗಳು ಮುಂದಿರುವವರಿಗೆ ಮಾತ್ರ ನಮ್ಮ ಇವತ್ತಿನ ಗೋಳು ಈಗಷ್ಟೇ ಮುಗಿದಿರುತ್ತದೆ. ಪಾಸಾದ ಪರೀಕ್ಷೆಯ ಪ್ರಶ್ನೆಪತ್ರಿಕೆ ಇನ್ನೂ ಅವರ ಕೈಯಲ್ಲೇ ಇರುತ್ತದೆ. ಅದನ್ನು ಯಾರಿಗಾದರೂ ತೋರಿಸದೆ ಅವರು ಮನೆಗೆ ಹೋಗುವುದಾದರೂ ಹೇಗೆ?

ಚಿನ್ನು ಮಮ್ಮಿಯ ಮೊದಲ ಪ್ರಶ್ನೆ ಯಾವಾಗಲೂ "ಈಗ ಎಷ್ಟು ತಿಂಗಳು?" ನೀವು ಉತ್ತರ ಹೇಳುತ್ತೀರಿ. "ಹೌದಾ!" ಎನ್ನುತ್ತಾರೆ. ಆ ರಾಗದಲ್ಲೇ ನಿಮ್ಮ ಮಗು ಏನೋ ಒಂದರಲ್ಲಿ ಹಿಂದೆ ಬಿದ್ದಿದೆ ಎಂದು ನಿಮಗೆ ಖಾತ್ರಿಯಾಗುತ್ತದೆ. ಯಾವುದರಲ್ಲಿ ಎಂದು ಅವರು ಆಮೇಲೆ ಹೇಳುತ್ತಾರೆ.

ಅವರ ಇನ್ನೊಂದು ಮಾತು, "ಇದೇನೂ ಅಲ್ಲ ರೀ, ಮುಂದಿದೆ ಮಾರಿಹಬ್ಬ." ಪುಟ್ಟ ರಾತ್ರಿ ಮೂರು ಸಲ ಏಳುತ್ತಾನೆ ಎಂದೆ. "ಇದೇನೂ ಅಲ್ಲ ರೀ, ಹಲ್ಲು ಬರ್ಲಿ." ಹಲ್ಲು ಬಂತು, ರಚ್ಚೆ ಹಿಡಿದು ನನ್ನ ಭುಜ ಕಚ್ಚಿದ. "ಇದೇನೂ ಅಲ್ಲ ರೀ, ಅಂಬೆಗಾಲಿಡ್ಲಿ." ಅಂಬೆಗಾಲಿಟ್ಟು ಹೊಸಿಲು ದಾಟಿದ, ಅತ್ತೆ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಸಿಹಿ ಮಾಡಿದರು. ಆ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಚಿನ್ನು ಮಮ್ಮಿ ಹೇಳಿದರು, "ಮಾತು ಬರ್ಲಿ, ಆಮೇಲೆ ನೋಡಿ. ಅಮ್ಮ, ಅಪ್ಪ ಅಂತಾವೆ ಅಂದ್ಕೊಂಡಿರ್ತೀವಿ. ನೆಟ್ಟಗೆ ಕಲಿಯೋದು ಒಂದೇ ಮಾತು: ಬೇಡ."

ಊಟದ ವಿಷಯದಲ್ಲಿ ಅವರಿಗೂ ನಮ್ಮತ್ತೆಗೂ ತೆರೆಮರೆಯ ಯುದ್ಧ ನಡೆದಿತ್ತು. ಅತ್ತೆ ಹಾಸನದಿಂದ ರಾಗಿ ಸರಿ ಮಾಡಿ ಕಳಿಸುತ್ತಿದ್ದರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವವರೆಗೆ ಹುರಿದು, ಬೀಸಿ, ತೆಳುವಾದ ಹಳೇ ಪಂಚೆಯಲ್ಲಿ ಸೋಸಿದ ಹಿಟ್ಟು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ಎನ್ನುವುದು ಅತ್ತೆಗೆ ಗೊತ್ತಿರಲಿಲ್ಲ, ಮೂಳೆ ಗಟ್ಟಿಯಾಗುತ್ತದೆ ಎನ್ನುವುದು ಗೊತ್ತಿತ್ತು. ಪುಟ್ಟನಿಗೆ ಎರಡೂ ಗೊತ್ತಿರಲಿಲ್ಲ. ಮೊದಲ ಚಮಚವನ್ನೇ ತುಟಿ ನಡುಗಿಸಿ ನನ್ನ ದುಪಟ್ಟಾದ ಮೇಲೆ ಉಗಿದ. "ಸರಿಗೆ ಅರ್ಧ ಬಾಳೆಹಣ್ಣು ಕಿವುಚಿ ಹಾಕಿ ರೀ" ಎಂದರು ಚಿನ್ನು ಮಮ್ಮಿ. ಹಾಕಿದೆ, ತಿಂದ. ಈ ವಿಜಯವಾರ್ತೆ ಬೆಂಚಿನಿಂದ ಬೆಂಚಿಗೆ ದಾಟಿ ಪಾರ್ಕಿನ ಕೊನೆ ಮುಟ್ಟಿತು. ಕೆಲವು ವಾರದ ಮೇಲೆ ಪುಟ್ಟನಿಗೆ ನೆಗಡಿಯಾಯಿತು. "ಬಾಳೆಹಣ್ಣು ಶೀತ ಅಲ್ವೇನ್ರೀ? ಯಾರ್ ಹೇಳಿದ್ದು ನಿಮಗೆ ಕೊಡಿ ಅಂತ?" ಎಂದು ಅವರೇ ಕೇಳಿದರು. ಅಷ್ಟರಲ್ಲಿ ಚಿನ್ನು ಬಾಳೆಹಣ್ಣು ಬಿಟ್ಟಿದ್ದಳು. ಅವರ ಸಲಹೆಗಳಿಗೆ ಚಿನ್ನುವಿನ ಬಾಯಿರುಚಿ ಇರುವಷ್ಟು ದಿನ ಮಾತ್ರ ಆಯುಷ್ಯ.

ಡಾಕ್ಟರ ವಿಷಯದಲ್ಲಿ ಮಾತ್ರ ಅವರು ಉದಾರಿ. ವರ್ಷ ತುಂಬುವ ಮುಂಚೆ ಜೇನುತುಪ್ಪ ನೆಕ್ಕಿಸಬೇಡಿ ಎಂದು ನಮ್ಮ ಮಕ್ಕಳ ಡಾಕ್ಟರು ಹೇಳಿದ್ದನ್ನು ವರದಿ ಮಾಡಿದಾಗ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಸರಿಯಾಗೇ ಹೇಳಿದಾರೆ" ಎಂದರು. ಡಾಕ್ಟರು ಪಾಸು.

ಫೇಲಾದದ್ದು ವಿಶ್ವ ಆರೋಗ್ಯ ಸಂಸ್ಥೆ. ಪುಟ್ಟನಿಗೆ ವರ್ಷ ತುಂಬಿ ಎರಡು ತಿಂಗಳಾದರೂ ಸೋಫಾ ಹಿಡಿದೇ ನಿಲ್ಲುತ್ತಿದ್ದ. ಆ ಸಂಸ್ಥೆ ಐದು ದೇಶಗಳ ಮಕ್ಕಳನ್ನು, ಅವರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು, ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಲೆಕ್ಕ ಹೇಳಿದೆ: ಆರೋಗ್ಯವಂತ ಮಗು ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲಿನ ಗೋಜಿಗೇ ಹೋಗದೆ ಎದ್ದು ನಡೆದುಬಿಟ್ಟಿವೆ. ಇದನ್ನು ಹೇಳಿದಾಗ ಚಿನ್ನು ಮಮ್ಮಿ ನಕ್ಕರು. ಅವರ ಲೆಕ್ಕದಲ್ಲಿ ನಡಿಗೆಯ ಕಾಲ ಹನ್ನೊಂದು ತಿಂಗಳಿಗೆ ಶುರುವಾಗಿ ಹನ್ನೊಂದು ತಿಂಗಳಿಗೇ ಮುಗಿಯುತ್ತದೆ, ಯಾಕೆಂದರೆ ಚಿನ್ನು ನಡೆದದ್ದು ಆಗ. ಮರುದಿನವೇ ಅವರ ಮನೆ ಅಟ್ಟದ ವಾಕರ್ ನಮ್ಮ ಹಾಲಿನಲ್ಲಿತ್ತು. ಆ ರಾತ್ರಿ ವಿಡಿಯೊ ಕಾಲಿನಲ್ಲಿ ಅದನ್ನು ಕಂಡ ಟೊರಾಂಟೊದ ನಾದಿನಿ ಹೌಹಾರಿದಳು. ಚಕ್ರದ ವಾಕರ್ ಮಾರುವುದನ್ನು ಕೆನಡಾ 2004ರಲ್ಲೇ ನಿಷೇಧಿಸಿದೆಯಂತೆ, ಅದರಲ್ಲಿ ಕೂತ ಮಕ್ಕಳು ಮೆಟ್ಟಿಲಿಂದ ಉರುಳುತ್ತಾರೆಂದು. ವಾಕರ್ ವಾಪಸ್ ಮಾಡುವಾಗ ಕೆನಡಾದ ಕಾರಣ ಹೇಳಿದೆ. "ಅಲ್ಲಿ ಮನೆ ತುಂಬಾ ಮೆಟ್ಟಿಲು ರೀ, ನಮ್ದು ಟೂ ಬಿಎಚ್‌ಕೆ" ಎಂದರು. ಕೊನೆಗೆ ಪುಟ್ಟ ಎದ್ದದ್ದು ಚನ್ನಪಟ್ಟಣದ ಮರದ ತಳ್ಳುಗಾಡಿ ಹಿಡಿದು. ಅದನ್ನು ತಂದವರು ನಮ್ಮ ಮಾವ. ಅವರು ಪಾರ್ಕಿಗೆ ಬರುವವರಲ್ಲ, ಆದ್ದರಿಂದ ಆ ಕೀರ್ತಿ ವಾರಸುದಾರರಿಲ್ಲದೆ ಹೋಯಿತು.

ಇಷ್ಟೆಲ್ಲ ದರ್ಬಾರಿನ ಚಿನ್ನು ಮಮ್ಮಿ ಯುವಿ ಮಮ್ಮಿ ಗೇಟು ದಾಟಿ ಒಳಗೆ ಬಂದರೆ ಸಾಕು, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಬಿಡುತ್ತಾರೆ. ಯುವಿ, ಚಿನ್ನುಗಿಂತ ಆರು ತಿಂಗಳು ದೊಡ್ಡವನು. "ರಾತ್ರಿ ಡೈಪರ್ ಹೇಗ್ ಬಿಡಿಸಿದ್ರಿ? ನಮ್ಮವಳು ಹಾಸಿಗೆನೆಲ್ಲ ಕೆರೆ ಮಾಡ್ತಾಳೆ" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಯುವಿ ಮಮ್ಮಿ ದೂರದ ಉಯ್ಯಾಲೆ ನೋಡುತ್ತಾ ಹೇಳುತ್ತಾರೆ, "ಇದೇನೂ ಅಲ್ಲ ರೀ, ಮುಂದಿದೆ ಮಾರಿಹಬ್ಬ." ಆ ಮಾತು ಚಿನ್ನು ಮಮ್ಮಿಯ ಸ್ವಂತದ್ದಲ್ಲ, ಮೇಲಿನಿಂದ ಬಂದ ಪ್ರಸಾದ ಎಂದು ನನಗೆ ಗೊತ್ತಾದದ್ದು ಅವತ್ತು.

ಈ ಏಣಿಯ ತುತ್ತತುದಿಯಲ್ಲಿ ಇರಬೇಕಾದವರು ಬಂಗಾರಿ ಅಜ್ಜಿ. ಮಂಡ್ಯ ಕಡೆಯವರು, ಐದು ಮಕ್ಕಳನ್ನು ಸಾಕಿದವರು. ಒಮ್ಮೆ ಎಲ್ಲರೂ ಸೇರಿ ಅವರನ್ನು ಕೇಳಿದೆವು, ಮಕ್ಕಳಿಗೆ ನಡಿಗೆ ಹೇಗೆ ಕಲಿಸಿದಿರಿ ಎಂದು. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಬಹಳ ಹೊತ್ತು ಯೋಚಿಸಿದರು. "ಏನ್ ಕಲ್ಸದವ್ವ? ಅವೇ ಎದ್ದೊ, ಅವೇ ಬಿದ್ದೊ. ನಂಗೆ ಗದ್ದೆ ಕೆಲ್ಸ ಇತ್ತು." ಇದರಿಂದ ಯಾರಿಗೂ ಉಪಯೋಗವಿಲ್ಲ ಎಂದು ಬೆಂಚು ತೀರ್ಮಾನಿಸಿತು. ಅವರನ್ನು ಆಮೇಲೆ ಯಾರೂ ಏನೂ ಕೇಳಿಲ್ಲ.

ಪುಟ್ಟನಿಗೆ ಎರಡು ತುಂಬುವ ಹೊತ್ತಿಗೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬಂತು. ಕಾರ್ತಿಕದ ಕೊನೆಯ ಸೋಮವಾರ ನಮ್ಮ ಮನೆಯವರು ಹೋಗಿ ಹುರಿದ ಕಾಯಿ ತಂದರು. ಬಿಡಿಸಿ ತಟ್ಟೆಗೆ ಹಾಕುತ್ತಿದ್ದೆವು. ನಾವು ತಿರುಗಿ ನೋಡುವಷ್ಟರಲ್ಲಿ ಒಂದು ಬೀಜ ಪುಟ್ಟನ ಮೂಗಿನೊಳಗಿತ್ತು. ಮನೆಯವರು ಚಿಮಟ ಹುಡುಕಲು ಓಡಿದರು. ನಾನು ಫೋನು ಮಾಡಿದ್ದು ಆರು ತಿಂಗಳ ಸೀನಿಯರಿಗೆ.

"ಹಸೀದಾ, ಹುರಿದಿದ್ದಾ?" ಎಂದು ಕೇಳಿದರು.

"ಹುರಿದಿದ್ದು."

"ಮೊದ್ಲು ಚಿಮಟ ಕೆಳಗಿಡೋಕೆ ಹೇಳಿ ಅವರಿಗೆ. ತೆಗೆಯೋಕೆ ಹೋದ್ರೆ ಇನ್ನೂ ಒಳಗೆ ಹೋಗತ್ತೆ. ನೀರು-ಗೀರು ಬಿಡ್ಬೇಡಿ, ಬೀಜ ಊದ್ಕೊಳತ್ತೆ. ಮಗೂನ ಅಳಿಸ್ದೆ ಎತ್ಕೊಂಡು ಕೆಳಗೆ ಬನ್ನಿ, ಗಾಡಿ ತೆಗೀತೀನಿ."

ಚಿಮಟದ ವಿಷಯ ನಾನು ಹೇಳಿರಲೇ ಇಲ್ಲ. ಆಸ್ಪತ್ರೆಯಲ್ಲಿ ಮೂಗಿನ ಡಾಕ್ಟರು ಎಷ್ಟನೇ ಮಹಡಿ, ಸಂಜೆ ಎಂಟರ ಮೇಲೆ ಯಾವ ಬಾಗಿಲು ತೆರೆದಿರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಮಕ್ಕಳ ಮನಶ್ಶಾಸ್ತ್ರ ಓದಿಕೊಂಡವರು ಹತ್ತು ಜನ ಸಿಕ್ಕಾರು, ಆ ಹೊತ್ತಿಗೆ ಬೇಕಾಗಿದ್ದದ್ದು ಬಾಗಿಲು ಗೊತ್ತಿರುವವರು. ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು, ತುದಿ ಬಾಗಿದ ಸಣ್ಣ ಕಡ್ಡಿಯೊಂದನ್ನು ಬೀಜದ ಹಿಂದಕ್ಕೆ ತೂರಿಸಿ ಮುಂದಕ್ಕೆ ಎಳೆದರು. ಪುಟ್ಟ ಕಿರುಚಿ ಮುಗಿಸುವ ಮೊದಲೇ ಬೀಜ ಟ್ರೇಯಲ್ಲಿತ್ತು. ನನ್ನ ಕೈ ಇನ್ನೂ ನಡುಗುತ್ತಿತ್ತು. ಚಿನ್ನು ಮಮ್ಮಿ ಟ್ರೇಯ ಕಡೆ ಬಗ್ಗಿ ನೋಡಿದರು.

"ಇಷ್ಟೇನಾ? ನಮ್ಮ ಚಿನ್ನು ಹಾಕ್ಕೊಂಡಿದ್ದು ಬಟಾಣಿ ರೀ. ಒಣ ಬಟಾಣಿ."

ಅವತ್ತಿನಿಂದ ನಾನು ಅವರ ಎದುರು ವಾದ ಮಾಡುವುದನ್ನು ಬಿಟ್ಟೆ. ಲಸಿಕೆಯ ಬೂಸ್ಟರ್ ಬಗ್ಗೆ ತಾಯಿ ಕಾರ್ಡ್ ನೋಡುವ ಮೊದಲು ಅವರನ್ನೇ ಕೇಳುತ್ತಿದ್ದೆ.

ಅವರ ಹಿರಿತನಕ್ಕೆ ಕೊನೆಗೆ ಸಂಚಕಾರ ತಂದದ್ದು ಸರ್ಕಾರ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತಲ್ಲ, ಅದೇ ಲೆಕ್ಕ ಕೆಳಗಿಳಿದು ಎಲ್‌ಕೆಜಿಗೆ 4 ಎಂದಾಯಿತು. ಚಿನ್ನು ಹುಟ್ಟಿದ್ದು ಜೂನ್ 3. ಎರಡೇ ದಿನಕ್ಕೆ ಒಂದು ವರ್ಷ ಹಿಂದೆ ಬಿತ್ತು. 2025ರಲ್ಲಿ ಒಂದು ಸಲದ ಮಟ್ಟಿಗೆ ವಯಸ್ಸು ಸಡಿಲಿಸಿದರು ಎಂದು ಓದಿ ಚಿನ್ನು ಮಮ್ಮಿ ಪೇಪರು ಹಿಡಿದೇ ಪಾರ್ಕಿಗೆ ಬಂದರು. ಆ ರಿಯಾಯಿತಿ ಯುಕೆಜಿ ಮುಗಿಸಿ ಒಂದನೇ ತರಗತಿಗೆ ಹೋಗುವವರಿಗಿತ್ತು. ಅಲ್ಲಿಗೆ ಜೂನಿನ ಚಿನ್ನು, ಡಿಸೆಂಬರಿನ ಪುಟ್ಟ ಇಬ್ಬರೂ ಒಂದೇ ವರ್ಷದ ಎಲ್‌ಕೆಜಿ.

ಅವತ್ತು ಸಂಜೆ ಅವರು ಯಾರಿಗೂ ಒಂದು ಸಲಹೆಯನ್ನೂ ಕೊಡಲಿಲ್ಲ. ಮಾತಾಡಿಸಲು ಹೋಗಿ ನಾನೂ ಸುಮ್ಮನಾದೆ. ಅರ್ಜಿ ಕೊಟ್ಟು ಬಂದ ದಿನ ಮತ್ತೆ ಸಿಕ್ಕರು.

"ನಿಮ್ಮ ಅಪ್ಲಿಕೇಶನ್ ನಂಬರ್ ಎಷ್ಟು ರೀ?"

"ಐವತ್ತೆಂಟು."

"ಹೌದಾ!" ಎಂದರು. ಹಳೆಯ ರಾಗ ಮರಳಿತ್ತು. "ನಮ್ದು ನಲವತ್ತೊಂದು. ಒಳಗೆ ಬಣ್ಣ ಕೇಳ್ತಾರಂತೆ. ಕೆಂಪು, ಹಸಿರು ಎಲ್ಲಾ ಮಕ್ಕಳೂ ಹೇಳ್ತಾವೆ. ನೀವು ನೇರಳೆ ಕಲಿಸಿ."

ಆರು ತಿಂಗಳು ಹೋದರೇನಂತೆ, ಹದಿನೇಳು ನಂಬರು ಉಳಿದಿತ್ತು. ಆ ರಾತ್ರಿ ನಮ್ಮ ಮನೆಯವರು ಫ್ರಿಜ್ಜಿನಿಂದ ಬದನೆಕಾಯಿ ತೆಗೆದು ಪುಟ್ಟನ ಮುಂದೆ ಹಿಡಿದರು.

"ಇದು ಯಾವ ಬಣ್ಣ, ಕಂದ?"

"ಬೇಡ" ಎಂದ ಪುಟ್ಟ.