ಚೈನ್-ಬಾರ್ ಏಕೀಕರಣ: ಸಿದ್ದಾಪುರ ಸೀಮೆಯನ್ನು ಕುರಿತ ಒಂದು ಶಾಸ್ತ್ರವಿಚಾರ

ಮೊದಲು ಸ್ಥಳನಿರ್ಣಯ. ಕನ್ನಡ ನಾಡಿನಲ್ಲಿ ಸಿದ್ದಾಪುರಗಳು ಹಲವು. ಉತ್ತರ ಕನ್ನಡದಲ್ಲಿ ತಾಲ್ಲೂಕು ಕೇಂದ್ರವೇ ಆಗಿ ಒಂದಿದೆ, ಕೊಡಗಿನಲ್ಲಿ ಕಾಫಿ ತೋಟಗಳ ನಡುವೆ ಒಂದಿದೆ, ಕುಂದಾಪುರದ ಕಡೆ ಘಟ್ಟದ ಕೆಳಗೆ ಇನ್ನೊಂದಿದೆ. ಮೊಳಕಾಲ್ಮೂರಿನ ಸಿದ್ದಾಪುರಕ್ಕಂತೂ ಅಶೋಕನ ಶಾಸನವೇ ಇದೆ. ಮರ ಕೊಯ್ಯುವ ಮಷೀನಿನ ಬಗ್ಗೆ ಬರೆಯಹೊರಟ ಸಾಮಾನ್ಯ ವಿದ್ವಾಂಸನಾದರೆ ಮೊದಲ ಮೂರರಲ್ಲಿ ಒಂದನ್ನು ಹಿಡಿಯುತ್ತಿದ್ದ, ಅಲ್ಲಿ ಮರಗಳಿವೆ. ಪ್ರಸ್ತುತ ಪ್ರಬಂಧವು ಆ ಸುಲಭದ ದಾರಿಯನ್ನು ತಿರಸ್ಕರಿಸಿ, ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯ ಮೇಲಿನ ಸಿದ್ದಾಪುರವನ್ನು ಆರಿಸಿಕೊಂಡಿದೆ. ಇಲ್ಲಿ ಕಣ್ಣು ಹಾಯುವವರೆಗೂ ಭತ್ತ. ಗಿಡ ಎಂದರೆ ಕಾಲುವೆ ದಂಡೆಯ ಜಾಲಿ, ಬದುವಿನ ಬೇವು, ಊರ ಮುಂದಿನ ಹುಣಸೆ, ಮತ್ತು ಯಾರೂ ನೆಡದೆ ಎಲ್ಲೆಲ್ಲೂ ಬೆಳೆದ ಬಳ್ಳಾರಿ ಜಾಲಿ. ಮರ ಕಡಿಮೆ, ಮಷೀನು ಹೆಚ್ಚು, ಆ ಮಷೀನುಗಳ ಚೈನುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಸಂಶೋಧನೆಗೆ ಇದಕ್ಕಿಂತ ಪ್ರಶಸ್ತವಾದ ಭೂಮಿ ಸಿಗಲಾರದು.

ಈ ಸೀಮೆಗೆ ಪ್ರಮಾಣೀಕರಣ ಹೊಸ ವಿದ್ಯೆಯಲ್ಲ ಎಂಬುದನ್ನು ಆರಂಭದಲ್ಲೇ ಸ್ಥಾಪಿಸಬೇಕು. ಒಂದೇ ಪಠ್ಯವನ್ನು ದೇಶದ ಹತ್ತಾರು ಕಡೆ ಬಂಡೆಗೆ ಕೊರೆಸಿದ ಅಶೋಕ, ನಮ್ಮ ಜಿಲ್ಲಾ ಕೇಂದ್ರ ಕೊಪ್ಪಳವೊಂದರಲ್ಲೇ ಗವಿಮಠ ಮತ್ತು ಪಾಲ್ಕಿಗುಂಡು ಎಂದು ಎರಡು ಪ್ರತಿ ಇಟ್ಟ. ಬಿಡಿಭಾಗವೊಂದನ್ನು ಯಾವಾಗಲೂ ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕೆಂಬ ತತ್ತ್ವದ ಅತಿ ಪ್ರಾಚೀನ ಆಧಾರ ಇದೇ ಎಂದು ನಮ್ಮ ಅಭಿಮತ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವುದೆಂದು ಗುರುತಿಸಲು ನಾಲ್ಕು ಊರುಗಳನ್ನು ಹೆಸರಿಸಿತು. ಅದರಲ್ಲಿ ಕೊಪಣವೂ, ಅಂದರೆ ಇದೇ ಕೊಪ್ಪಳವೂ, ಒಂದು. ಅದೇ ಗ್ರಂಥ, ಕನ್ನಡಗಳ ಭೇದವನ್ನು ಲೆಕ್ಕಹಾಕಲು ಹೊರಟರೆ ವಾಸುಕಿಗೂ ಬೇಸರವಾದೀತು ಎಂಬರ್ಥದ ಮಾತನ್ನೂ ಹೇಳಿಬಿಟ್ಟಿದೆ. ಗ್ರಂಥಕಾರ ಚೈನುಗಳನ್ನು ನೋಡಿರಲಿಲ್ಲ. ನೋಡಿದ್ದರೆ ವಾಸುಕಿಯನ್ನು ಕನ್ನಡದ ಕೆಲಸದಿಂದ ಬಿಡಿಸಿ ಇತ್ತ ಕಳುಹಿಸುತ್ತಿದ್ದ.

ಇನ್ನು 1956. ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗ ಇಂದಿನ ಕರ್ನಾಟಕಕ್ಕೆ ಸೇರಿದ್ದು ಆ ವರ್ಷ. ಮೀಟರು, ಕಿಲೋಗಳನ್ನು ದೇಶಕ್ಕೆಲ್ಲ ಅನ್ವಯಿಸುವ ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದೂ ಆ ವರ್ಷವೇ. ಸೇರು ಹೋಯಿತು, ಪಾವು ಹೋಯಿತು, ಭತ್ತದ ಚೀಲ 75 ಕಿಲೋಗೆ ಬಂದು ನಿಂತಿತು. ಏಕೀಕರಣಕ್ಕೆ ಬಾರದೆ ಉಳಿದದ್ದು ಒಂದೇ: ಮರ ಕೊಯ್ಯುವ ಚೈನು. ಅದರ ಪಿಚ್ಚು (ರಿವೆಟ್ಟುಗಳ ಅಂತರ) ಇಂಚಿನಲ್ಲಿ, ಗೇಜು (ಲಿಂಕಿನ ದಪ್ಪ) ಒಮ್ಮೆ ಇಂಚಿನಲ್ಲಿ ಒಮ್ಮೆ ಮಿಲಿಮೀಟರಿನಲ್ಲಿ, ಉದ್ದ ಎರಡರಲ್ಲೂ ಅಲ್ಲ, ಲಿಂಕಿನ ಲೆಕ್ಕದಲ್ಲಿ. ಮೂರು ಸಂಸ್ಥಾನಗಳ ನಾಣ್ಯ ಒಂದೇ ಜೇಬಿನಲ್ಲಿ.

ಪೂರ್ವಸೂರಿಗಳನ್ನು ಸ್ಮರಿಸದೆ ಮುಂದೆ ಹೋಗುವುದು ಶಾಸ್ತ್ರಸಮ್ಮತವಲ್ಲ. ಸರಪಳಿ ಗರಗಸ ಹುಟ್ಟಿದ್ದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ. ಹದಿನೆಂಟನೆಯ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು ಎಲುಬು ಕೊಯ್ಯಲು ಅದನ್ನು ಬಳಸಿದರು. ಆ ವಿವರವನ್ನು ಊಟದ ಮುಂಚೆ ಓದುವವರಿಗಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಕರೆಂಟಿನ ಮೇಲೆ ಓಡುವ ಮಷೀನು ಮಾಡಿದ, ತೂಕ 64 ಕಿಲೋ. ನಮ್ಮ ಹಮಾಲರು 75 ಕಿಲೋ ಚೀಲವನ್ನು ಒಬ್ಬೊಬ್ಬರೇ ಹೊರುವುದರಿಂದ ಈ ಸಂಗತಿ ಸಿದ್ದಾಪುರದಲ್ಲಿ ಯಾರನ್ನೂ ಬೆರಗುಗೊಳಿಸಲಿಲ್ಲ.

ನಿಜವಾದ ಸೂತ್ರಕಾರ ಅಮೆರಿಕದ ಆರೆಗನ್ ಸೀಮೆಯ ಜೋಸೆಫ್ ಕಾಕ್ಸ್. 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ದುಂಬಿಯ ಮರಿಹುಳು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ಗಟ್ಟಿ ಕಟ್ಟಿಗೆಯನ್ನು ಕೊರೆಯುವುದನ್ನು ಆತ ಕಂಡ. ಅದೇ ಮಾದರಿಯಲ್ಲಿ ಎಡದ ಹಲ್ಲು, ಬಲದ ಹಲ್ಲು ಜೋಡಿಸಿ ಚೈನು ಮಾಡಿ 1947ರಲ್ಲಿ ಮಾರಿದ. ಇಂದಿಗೂ ಜಗತ್ತಿನ ಚೈನುಗಳೆಲ್ಲ ಬಹುಪಾಲು ಆ ಹುಳುವಿನ ವಂಶಸ್ಥರೇ. ಹುಳು ಕಂಡ ಕೂಡಲೇ ಪಂಪು ಬೆನ್ನಿಗೇರಿಸಿ ಔಷಧಿ ಹೊಡೆಯುವ ನಮ್ಮ ಭತ್ತದ ಸೀಮೆಯಲ್ಲಿ ಇಂಥ ಸಂಶೋಧನೆ ಆಗದೇ ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಆಕರಗಳು. ಸಿದ್ದಾಪುರ ಮತ್ತು ಸುತ್ತಲಿನ ಕ್ಯಾಂಪುಗಳಲ್ಲಿ ಬಾರುಗಳು, ಅಂದರೆ ಚೈನು ಸುತ್ತುವ ಪಟ್ಟಿಗಳು, ಪತ್ರಾಸಿನ ಗೋಡೆಗೆ ಒರಗಿರುತ್ತವೆ, ಚೈನುಗಳು ಮೊಳೆಗೆ ತೂಗುತ್ತವೆ, ಅಥವಾ ಒಂದೇ ಬಕೀಟಿನಲ್ಲಿ ಸುಟ್ಟ ಎಣ್ಣೆಯೊಳಗೆ ಎಲ್ಲವೂ ಹೆಣೆದುಕೊಂಡು ಬಿದ್ದಿರುತ್ತವೆ. ಪ್ರತಿ ಬಾರಿನ ಬುಡಕ್ಕೂ ಒಂದು ಶಾಸನ ಇರುತ್ತದೆ. ನಾವು ಪರಿಶೀಲಿಸಿದ ಒಂದರ ಪಾಠ ಹೀಗಿದೆ: ಮೊದಲ ಸಾಲು ‘0.325’, ಎರಡನೆಯ ಸಾಲು ‘0.0’ ಆದ ಮೇಲೆ ತ್ರುಟಿತ. ಮೂರನೆಯ ಸಾಲು ‘76’ ಇರಬಹುದು, ‘78’ ಎಂಬ ಪಾಠಾಂತರವೂ ಸಾಧ್ಯ. ನಟ್ಟು ಬಿಗಿಯುವ ಜಾಗದಲ್ಲೇ ಅಕ್ಷರ ಕೊರೆಸುವ ಸಂಪ್ರದಾಯವನ್ನು ಯಾವ ಲಿಪಿಕಾರ ಆರಂಭಿಸಿದನೋ, ಆತನಿಗೆ ಶಾಸನದ ಕೊನೆಯ ಶಾಪಾಶಯ ಓದಿಸಬೇಕು. ಅಂದ ಹಾಗೆ, ಬಾರನ್ನು ಆಗಾಗ ತಿರುವಿ ಹಾಕಬೇಕು, ಆಗ ಎರಡೂ ಅಂಚು ಸಮವಾಗಿ ಸವೆಯುತ್ತವೆ. ಇಲ್ಲಿ ಬಹಳ ಮಂದಿ ತಿರುವುವುದಿಲ್ಲ. ಕಂಪನಿಯ ಹೆಸರು ತಲೆಕೆಳಗಾಗಿ ಕಾಣುತ್ತದೆ ಎಂಬ ಸಂಕೋಚ.

ಚೈನಿನ ಮೈಮೇಲೂ ಲಿಪಿ ಉಂಟು. ಸ್ಟಿಲ್ ಕಂಪನಿಯವರು ಹಲ್ಲಿನ ಮೇಲೆ ಒಂದು ಅಂಕಿ ಕೊರೆಯುತ್ತಾರೆ: 2 ಎಂದರೆ 0.325 ಇಂಚಿನ ಪಿಚ್ಚು, 3 ಎಂದರೆ 3/8, 4 ಎಂದರೆ 0.404. ಕೆಳಗಿನ ಡ್ರೈವ್ ಲಿಂಕಿನ ಮೇಲೆ 3 ಎಂದಿದ್ದರೆ ಮಾತ್ರ ಅರ್ಥ ಬೇರೆ, ಅದು 1.3 ಮಿ.ಮೀ. ಗೇಜು. ಒಂದೇ ಅಂಕಿ, ಅರ್ಧ ಇಂಚು ಕೆಳಗೆ ಇಳಿದರೆ ಅರ್ಥ ಪಲ್ಲಟ. ಆರೆಗನ್ ಕಂಪನಿಯದು ಇನ್ನೊಂದು ಸಂಪ್ರದಾಯ: 3/8 ಪಿಚ್ಚಿನಲ್ಲಿ ತೆಳು ಗೇಜಿಗೆ 72, ಮಧ್ಯಮಕ್ಕೆ 73, ದಪ್ಪಕ್ಕೆ 75. ನಡುವಿನ 74ರ ಕುರಿತು ಪ್ರತ್ಯೇಕ ಪ್ರಬಂಧ ಬರೆಯುವ ಯೋಗ್ಯತೆ ಇದ್ದವರು ಮುಂದೆ ಬರಲಿ.

ಬಾರು ಮತ್ತು ಚೈನಿನ ಹೊಂದಾಣಿಕೆಯನ್ನು ಸಾಲಾವಳಿಯಂತೆಯೇ ನೋಡಬೇಕು. ಕೂಡಬೇಕಾದ ಕೂಟಗಳು ನಾಲ್ಕು. ಮೊದಲನೆಯದು ಪಿಚ್ಚು: ಸಾಲಾಗಿ ಮೂರು ರಿವೆಟ್ಟುಗಳ ಅಂತರ ಅಳೆದು ಅದರ ಅರ್ಧ ತೆಗೆದುಕೊಳ್ಳುವುದು. ಎರಡೇ ರಿವೆಟ್ಟಿನ ನಡುವೆ ಅಳೆದರೆ ಸಾಲದೇ ಎಂದು ಕೇಳುವವರಿಗೆ ಉತ್ತರ: ಪಕ್ಕಪಕ್ಕದ ಅಂತರಗಳು ಸಮನಾಗಿರುವುದಿಲ್ಲ, ಸರಾಸರಿಯೇ ಸತ್ಯ. ಇದರಲ್ಲಿ ಸಗೋತ್ರದ ಅಪಾಯವೂ ಇದೆ. 3/8 ಎಂಬ ಹೆಸರಿನ ಚೈನುಗಳೇ ಎರಡು ಬಗೆ, ದೊಡ್ಡದು ಮತ್ತು ಗಿಡ್ಡದು. ಹೆಸರು, ಅಡ್ಡಹೆಸರು ಎರಡೂ ಒಂದೇ. ಒಂದರ ಸ್ಪ್ರಾಕೆಟ್ಟಿನ ಮೇಲೆ ಇನ್ನೊಂದನ್ನು ಕೂರಿಸಬಾರದು.

ಎರಡನೆಯದು ಗೇಜು, ಅಂದರೆ ಬಾರಿನ ತೋಡಿನೊಳಗೆ ಇಳಿಯುವ ಲಿಂಕಿನ ದಪ್ಪ. 0.050, 0.058, 0.063. ನಡುವಿನದಕ್ಕೂ ಕೊನೆಯದಕ್ಕೂ ಇರುವ ಅಂತರ ಒಂದು ಇಂಚಿನ ಸಾವಿರ ಭಾಗದಲ್ಲಿ ಐದು. ಇಷ್ಟಕ್ಕೆಲ್ಲ ಶಾಸ್ತ್ರವೇ ಎಂದು ನಗುವವರು 0.063ರ ಬಾರಿಗೆ 0.058ರ ಚೈನು ಹಾಕಿ ಒಂದು ಹುಣಸೆ ದಿಮ್ಮಿ ಕೊಯ್ದು ನೋಡಬೇಕು. ಚೈನು ತೋಡಿನೊಳಗೆ ವಾಲಾಡುತ್ತದೆ, ಸೀಳು ಬಾಗುತ್ತದೆ, ಬಾರು ಸಿಕ್ಕಿಬೀಳುತ್ತದೆ, ಆಮೇಲೆ ಚೈನು ಜಾರಿ ಹೊರಗೆ ಬರುತ್ತದೆ. ತಿರುಗುತ್ತಿರುವ ಸರಪಳಿ ಹೊರಗೆ ಬಂದಾಗ ಅದು ಯಾರ ತೊಡೆಯ ಕಡೆ ಹೋಗುತ್ತದೆ ಎಂಬುದರಲ್ಲಿ ತಮಾಷೆ ಏನೂ ಇಲ್ಲ. ಒಂದು ಸರಪಳಿ ಕಡಿದರೆ ಏನಾಗುತ್ತದೆಂದು ಈ ಸೀಮೆಗೆ ಬೇರೆಯವರು ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಚೈನ್ ಲಿಂಕು ತುಂಡಾದದ್ದರಿಂದ. ಇದ್ದ ಗೇಟುಗಳು 33. ಕೆಟ್ಟದ್ದು ಒಂದರ ಸರಪಳಿ. ಎಡದಂಡೆಯ ರೈತ ಆ ವಾರ ಹೊಲ ಬಿಟ್ಟು ಮೊಬೈಲನ್ನೇ ನೋಡಿದ.

ಮೂರನೆಯ ಕೂಟ ಲಿಂಕಿನ ಸಂಖ್ಯೆ. ಬಹುತೇಕ ಸಾಲಾವಳಿ ಮುರಿಯುವುದು ಇಲ್ಲಿ. ಗಂಗಾವತಿ ಕಡೆಯ ಒಂದು ಅಂಗಡಿಯಲ್ಲಿ ನಡೆದ ಶಾಸ್ತ್ರಾರ್ಥವನ್ನು ಯಥಾವತ್ತಾಗಿ ಕೊಡುತ್ತೇವೆ.

“ಹಳೇ ಚೈನ ತಂದೀಯೇನ ತಮ್ಮಾ?”

“ಇಲ್ಲ ಕಾಕಾ. ಎಪ್ಪತ್ತೆರಡು ಲಿಂಕಿಂದು ಕೊಡು.”

“ಯಾವ ಎಪ್ಪತ್ತೆರಡು?”

“ಎಪ್ಪತ್ತೆರಡು ಅಂದ್ರ ಎಪ್ಪತ್ತೆರಡು. ಅದ್ರಾಗ ಎಷ್ಟು ನಮೂನಿ ಇರ್ತಾವ?”

“ಹದಿನೆಂಟು ಇಂಚಿನ ಚೀನಾ ಬಾರಿಗೂ ಎಪ್ಪತ್ತೆರಡ, ಇಪ್ಪತ್ತು ಇಂಚಿನ ಸ್ಟಿಲ್ ಬಾರಿಗೂ ಎಪ್ಪತ್ತೆರಡ. ಯಾವ್ದು ಕೊಡ್ಲಿ?”

“…ಮಷೀನು ಕೆಂಪಂದು ಐತಿ ಕಾಕಾ.”

ಈ ಪ್ರಶ್ನೆಯ ಹಿಂದೆ ಇರುವ ಗಣಿತವನ್ನು ವಿದ್ವತ್ ಸಮೂಹ ಗಮನಿಸಬೇಕು. 0.325 ಪಿಚ್ಚಿನ 72 ಲಿಂಕು ನೆಟ್ಟಗೆ ಹಾಸಿದರೆ 46.8 ಇಂಚು, 3/8ರ 72 ಲಿಂಕು 54 ಇಂಚು. ಏಳು ಇಂಚಿನಷ್ಟು ವ್ಯತ್ಯಾಸವನ್ನು ಒಂದೇ ಸಂಖ್ಯೆ ನುಂಗಿಕೊಂಡು ಕೂತಿದೆ. ಇಂಚಿನ ಮೇಲೆ ಕೇಳಿದರೂ ಗೆಲುವಿಲ್ಲ: ಗಿಡ್ಡ 3/8ರ 16 ಇಂಚಿನ ಬಾರಿಗೆ ಸ್ಟಿಲ್ ಲೆಕ್ಕದಲ್ಲಿ 55 ಲಿಂಕು, ಹಸ್ಕ್‌ವರ್ನಾ ಕಂಪನಿಯ ಲೆಕ್ಕದಲ್ಲಿ 56. ಒಂದು ಲಿಂಕು ಹೆಚ್ಚಾದ ಚೈನನ್ನು ಬಿಗಿ ಮಾಡಲು ಸ್ಕ್ರೂ ತಿರುವುತ್ತ ಒಂದು ಬೀಡಿ ಮುಗಿಯುತ್ತದೆ. ಒಂದು ಲಿಂಕು ಕಡಿಮೆಯಾದರೆ ಬೀಡಿ ಹಚ್ಚುವ ಮೊದಲೇ ಉತ್ತರ ಸಿಗುತ್ತದೆ.

ನಾಲ್ಕನೆಯದು ಬಾರಿನ ಬುಡ: ಬೋಲ್ಟಿನ ಸೀಳು, ಬಿಗಿಸುವ ಪಿನ್ನಿನ ತೂತು, ಎಣ್ಣೆಯ ತೂತು. ಮೊದಲೆರಡು ಕೂಡಿ ಮೂರನೆಯದು ಕೂಡದಿದ್ದರೆ ಬಾರು ಕೂರುತ್ತದೆ, ಚೈನು ತಿರುಗುತ್ತದೆ, ಎಣ್ಣೆ ಮಾತ್ರ ಬರುವುದಿಲ್ಲ. ಕಟ್ಟಿಗೆಯ ವಾಸನೆಯ ಬದಲು ಕಬ್ಬಿಣದ ವಾಸನೆ ಬಂದಾಗ ವಿಷಯ ಗೊತ್ತಾಗುತ್ತದೆ. ಡ್ರಿಲ್ಲಿನಿಂದ ಹೊಸ ತೂತು ಹಾಕಿ ಇದಕ್ಕೆ ಶಾಂತಿ ಮಾಡಿಸುವ ಪದ್ಧತಿ ಇದೆ. ಶಾಸ್ತ್ರ ಒಪ್ಪುವುದಿಲ್ಲ, ಆದರೆ ರೂಢಿ ಬಲವಾಗಿದೆ.

ಪೂರ್ವಪಕ್ಷ: ಗಿಡ ಬೇರೆ ಬೇರೆ, ಆದ್ದರಿಂದ ಚೈನೂ ಬೇರೆ ಬೇರೆ ಇರಲಿ. ಇದು ನಿಲ್ಲದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಬೇವು, ಹುಣಸೆ ಕಡಿಯಲು ಅನುಮತಿ ಬೇಕು. ಬಳ್ಳಾರಿ ಜಾಲಿ, ನೀಲಗಿರಿಯಂಥ ಕೆಲವಕ್ಕೆ ಬೇಡ. ಹೀಗಾಗಿ ಇಲ್ಲಿನ ಮಷೀನು ವರ್ಷದ ಬಹುಭಾಗ ಕೊಯ್ಯುವುದು ಬಳ್ಳಾರಿ ಜಾಲಿಯನ್ನೇ. ಅದು ಮುಳ್ಳಿನ ನಡುವೆ, ಮಣ್ಣು ಹಿಡಿದ ಬುಡದಲ್ಲಿ, ಯಾವ ಪಿಚ್ಚಿನ ಹಲ್ಲನ್ನೂ ಜಾತಿಭೇದವಿಲ್ಲದೆ ಮೊಂಡು ಮಾಡುತ್ತದೆ.

ಗುರುತಿಗೆ ಬಣ್ಣ ಬಳಿಯೋಣ ಎಂಬ ಸಲಹೆ ಬಂದದ್ದು ಒಬ್ಬ ಆಪರೇಟರಿನಿಂದ, ಅದನ್ನು ಗೌರವದಿಂದ ದಾಖಲಿಸುತ್ತೇವೆ. ಬಾರಿನ ಬುಡ, ಚೈನಿನ ಡಬ್ಬಿ, ಅರದ ಹಿಡಿ, ಮಷೀನಿನ ಮುಚ್ಚಳ, ನಾಲ್ಕಕ್ಕೂ ಒಂದೇ ಬಣ್ಣದ ಬೊಟ್ಟು. ಓದು ಬಾರದವನೂ ಜೋಡಿ ಹಚ್ಚಬಲ್ಲ. ತೊಡಕು ಬಂದದ್ದು ಬಣ್ಣದ ಆಯ್ಕೆಯಲ್ಲಿ. ಕೇಸರಿ ಎಂದರೆ ಒಬ್ಬ ಎದ್ದ, ಹಸಿರು ಎಂದರೆ ಇನ್ನೊಬ್ಬ ಎದ್ದ, ನೀಲಿ ಎಂದಾಗ ಚಹಾ ಬಂತು. ಕೊನೆಗೆ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದು ಉಳಿದ ಬಣ್ಣ ಯಾವುದಿದೆಯೋ ಅದೇ ಪ್ರಮಾಣ ಎಂದು ತೀರ್ಮಾನವಾಯಿತು. ಎತ್ತಿಗೆ ಒಪ್ಪಿದ್ದನ್ನು ಯಾರೂ ವಿರೋಧಿಸಲಿಲ್ಲ.

ಸಿದ್ಧಾಂತ ಇಷ್ಟೇ. ಈ ಸೀಮೆಯಲ್ಲಿ ಅಗ್ಗದ 58 ಸಿ.ಸಿ. ಮಷೀನುಗಳು ತುಂಬಿಕೊಂಡಿರುವುದರಿಂದ 0.325 ಪಿಚ್ಚು, 0.058 ಗೇಜನ್ನೇ ತಳಹದಿ ಮಾಡಿಕೊಳ್ಳಬೇಕು: 18 ಇಂಚಿಗೆ 72 ಲಿಂಕು, 20ಕ್ಕೆ 76, 22ಕ್ಕೆ 86. ಬಾರಿನ ಉದ್ದ ಬದಲಾದರೂ ಒಂದೇ ರೋಲಿನಿಂದ ತುಂಡು ಮಾಡಿ ರಿವೆಟ್ ಹೊಡೆಸಬಹುದು. ದೊಡ್ಡ 3/8ರ ಮಷೀನು ಈಗಾಗಲೇ ಇದ್ದವರು ಅದನ್ನು ಕೆಡಿಸಿ ಬದಲಿಸುವ ಗೋಜಿಗೆ ಹೋಗದೆ ಬೇರೆ ಮೊಳೆಗೆ ತೂಗುಹಾಕಲಿ. ಮುಂದಿನದನ್ನು ಕೊಳ್ಳುವಾಗ ಸಿ.ಸಿ. ಕೇಳುವ ಮೊದಲು ಚೈನು ಯಾವುದೆಂದು ಕೇಳಲಿ. ರೆಂಬೆ ಸವರುವ ಸಣ್ಣ ಮಷೀನಿಗೆ ಅಪವಾದ ಉಂಟು, ಅಪವಾದವಿಲ್ಲದ ಶಾಸ್ತ್ರವನ್ನು ಯಾರೂ ನಂಬುವುದಿಲ್ಲ.

ಏಕೀಕರಣದ ದೊಡ್ಡ ಲಾಭ ಚೈನಿನಲ್ಲಿಲ್ಲ, ಅರದಲ್ಲಿದೆ. ಗಿಡ್ಡ 3/8ಕ್ಕೆ 4 ಮಿ.ಮೀ. ದುಂಡು ಅರ, 0.325ಕ್ಕೆ 4.8, ದೊಡ್ಡ 3/8ಕ್ಕೆ ಸ್ಟಿಲ್ ಪ್ರಕಾರ 5.2, ಆರೆಗನ್ ಪ್ರಕಾರ 5.5. ತಪ್ಪು ಅರ ಹಿಡಿದು ಮಸೆದರೆ ಹಲ್ಲು ಹೊಳೆಯುತ್ತದೆ, ಕೊಯ್ಯುವುದಿಲ್ಲ. ಮರದ ಹೊಟ್ಟು ಚಕ್ಕೆಯಾಗಿ ಬೀಳುವ ಬದಲು ಹಿಟ್ಟಾಗಿ ಹಾರುತ್ತದೆ. ಪಿಚ್ಚು ಒಂದಾದರೆ ಇಡೀ ತಂಡಕ್ಕೆ 4.8ರ ಒಂದೇ ಅರ ಸಾಕು.

ಇದರಿಂದಲೇ ಓದುಗರಲ್ಲಿ ಒಂದು ವಿನಂತಿ. ಈ ಪ್ರಬಂಧದ ಏಕೈಕ ಪ್ರಯೋಗೋಪಕರಣವಾಗಿದ್ದ 4.8 ಮಿ.ಮೀ. ಅರವನ್ನು, ಹಿಡಿಗೆ ಕೊಂಬಿನ ಗುಲಾಬಿ ಬಣ್ಣ ಬಳಿದದ್ದನ್ನು, ಸಿದ್ದಾಪುರದ ಕಡೆಯವರು ಯಾರೋ “ಈಗ ತರ್ತೀನಿ” ಎಂದು ಒಯ್ದಿದ್ದಾರೆ. ದಯವಿಟ್ಟು ತಂದುಕೊಡಿ. ಸುಗ್ಗಿ ಮುಗಿದಿದೆ, ಜಾಲಿ ಹಾಗೇ ನಿಂತಿದೆ.