ಎದುರುಮನೆ ಧನ್ವಂತರಿ

ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಕಾಯಿಲೆ ಇಲ್ಲದವರು ಏನು ಮಾಡುತ್ತಾರೆಂದು ಹೇಳಲಿಲ್ಲ. ಅವರು ಇರುವವರಿಗೆ ಔಷಧಿ ಹೇಳುತ್ತಾರೆ. ನಮ್ಮ ಎದುರುಮನೆ ರಾಯರು ಆ ಪಂಗಡದ ಹಿರಿಯರು.

ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ, ನಿವೃತ್ತಿಯ ಮಾರನೇ ದಿನದಿಂದ ವೈದ್ಯವೃತ್ತಿ. ಫೀಸಿಲ್ಲ, ಟೋಕನ್ ಇಲ್ಲ. ಗೇಟಿನ ಚಿಲಕ ಸದ್ದು ಮಾಡಿದರೆ ಡಾಕ್ಟರು ಬಂದರು ಅಂತಲೇ ಲೆಕ್ಕ. ಬರಿಗೈಲಿ ಬಂದವರಲ್ಲ. ಒಂದು ದಿನ ಮೆಂತ್ಯ ನೆನೆಸಿದ ನೀರು, ಇನ್ನೊಂದು ದಿನ ಹಾಗಲಕಾಯಿ ರಸ. ನೇರಳೆ ಬೀಜದ ಪುಡಿಯನ್ನು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಲೆಡ್ಜರಿನ ದುಂಡಕ್ಷರದಲ್ಲಿ ‘ಮೇಷ್ಟ್ರಿಗೆ: ಬೆ. 1, ರಾ. 1 ಚಮಚ’ ಎಂದು ಚೀಟಿ ಅಂಟಿಸಿರುತ್ತಾರೆ.

ಒಮ್ಮೆ ಮಧುನಾಶಿನಿ ಎಲೆ ಅಗಿಸಿ, ಹಿಂದೆಯೇ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿದರು. ಮರಳು ತಿಂದ ಹಾಗಿತ್ತು. “ನೋಡಿದ್ರಾ, ಸಕ್ಕರೆ ಸತ್ತೇ ಹೋಯ್ತು!” ಎಂದರು. ಸತ್ತದ್ದು ನಾಲಿಗೆಯ ರುಚಿ, ಅದೂ ಸ್ವಲ್ಪ ಹೊತ್ತು. ಸಕ್ಕರೆ ಸದ್ದಿಲ್ಲದೆ ಹೊಟ್ಟೆಗಿಳಿದು ತನ್ನ ಕೆಲಸ ಮಾಡಿಕೊಂಡಿತು.

ಇನ್ಸುಲಿನ್ ಇಂಜೆಕ್ಷನ್ ಕಂಡರೆ ಅವರಿಗಾಗದು. “1922ರಲ್ಲಿ ಟೊರಾಂಟೊದಲ್ಲಿ ಸಾಯೋ ಸ್ಥಿತಿಯಲ್ಲಿದ್ದ ಹದಿನಾಲ್ಕರ ಹುಡುಗನ್ನ ಇದೇ ಉಳಿಸಿದ್ದು ರಾಯರೇ” ಎಂದೆ. “ಪಾಪ, ಕೆನಡಾದಲ್ಲಿ ಹಾಗಲಕಾಯಿ ಎಲ್ಲಿ ಸಿಗಬೇಕು?” ಎಂದರು. ಆ ವಾರವೇ ನಮ್ಮ ಕಾಂಪೌಂಡಿನಲ್ಲಿ ‘ಇನ್ಸುಲಿನ್ ಗಿಡ’ ನೆಟ್ಟರು. ದಿನಕ್ಕೊಂದು ಎಲೆ. ಬ್ಯಾಂಕಿನವರು, ಬ್ಯಾಲೆನ್ಸ್ ನೋಡದೆ ಬಿಡುವರೇ? ಅದಕ್ಕೇ ದಿನವೂ ಒಂದೆಲೆ ಕಿತ್ತು ಪಕ್ಕದ ಸೈಟಿನ ಹಸುವಿಗೆ ಹಾಕುತ್ತೇನೆ. ಹಸು ಆರೋಗ್ಯವಾಗಿದೆ.

ಇಷ್ಟು ಕಟ್ಟುನಿಟ್ಟಿನವರು ಯುಗಾದಿಗೆ ಮಾತ್ರ ಒಬ್ಬಟ್ಟಿನ ತಟ್ಟೆ ಹಿಡಿದು ನಿಲ್ಲುತ್ತಾರೆ. “ಬೆಲ್ಲದ್ದು, ಏನೂ ಆಗಲ್ಲ.” ಸಕ್ಕರೆಗೂ ಬೆಲ್ಲಕ್ಕೂ ರಕ್ತ ಭೇದ ಮಾಡುವುದಿಲ್ಲ; ರಾಯರು ಮಾಡುತ್ತಾರೆ. “ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ ಬಿಟ್ಟರಾಯ್ತು” ಎಂಬ ಪರಿಹಾರವೂ ಸಿದ್ಧ. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಲೆಕ್ಕ ಒಪ್ಪಿಸುತ್ತದೆ ಎಂದು ಆಡಿಟ್ ಕಂಡವರಿಗೇ ಹೇಳಬೇಕಾಯಿತು.

ಆದರೆ ಟೆಸ್ಟಿನ ಬೆಳಿಗ್ಗೆ ಆರೂವರೆಗೆ ಸ್ಕೂಟರ್ ತಂದು ನಿಲ್ಲಿಸುವವರೂ ಅವರೇ. ಮೊದಲ ಬಾರಿ ರಕ್ತ ಕೊಟ್ಟೊಡನೆ ಚೀಲದಿಂದ ಇಡ್ಲಿ ಡಬ್ಬಿ ಹೊರಬರುತ್ತದೆ. ಎರಡನೇ ಬಾರಿ ಕೊಡುವವರೆಗೆ, ಎರಡು ಗಂಟೆ ಲ್ಯಾಬಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಜೊತೆಗೆ ಕೂರುತ್ತಾರೆ. ನಾನು ಹೊಸ ಚಪ್ಪಲಿ ಕೊಂಡರೆ “ಕಚ್ಚುತ್ತಾ?” ಎಂದು ಬಗ್ಗಿ ಬೆರಳ ಸಂದಿ ನೋಡುತ್ತಾರೆ. ಬೆಂಗಳೂರಿನ ಮಗ ಫೋನಿನಲ್ಲಿ ಕೇಳುವುದು ಶುಗರ್ ಎಷ್ಟು ಅಂತ. ರಾಯರು ನೋಡುವುದು ನನ್ನ ಪಾದ. ಔಷಧಿ ಯಾವುದೂ ನಾಟಲಿಲ್ಲ, ವೈದ್ಯರನ್ನು ಬಿಡಲೂ ಆಗಲಿಲ್ಲ.

ಒಂದು ಮಧ್ಯಾಹ್ನ ಇಂಜೆಕ್ಷನ್ ತೆಗೆದುಕೊಂಡೆ, ಊಟ ತಡವಾಯಿತು. ಕೈ ನಡುಗಿ, ಅಂಗಿ ಬೆವರಲ್ಲಿ ತೊಯ್ದುಹೋಯಿತು. ಮೀಟರಿನಲ್ಲಿ 58. ಹೆಂಡತಿ ಕೂಗಿದ್ದಕ್ಕೆ ರಾಯರು ಬರಿಗಾಲಲ್ಲೇ ಓಡಿಬಂದರು. ನನ್ನ ಕಾಫಿಗೆ ಹರಳು ಸಕ್ಕರೆ ಬೀಳಗೊಡದ ಮನುಷ್ಯ ಮೂರು ಚಮಚ ಸಕ್ಕರೆ ನೀರಿಗೆ ಕದಡಿ, “ಮಾತಾಡ್ಬೇಡಿ, ಕುಡೀರಿ” ಎಂದು ಗದರಿದರು. ಲೋಟ ಹಿಡಿದ ಅವರ ಕೈ ನನ್ನದಕ್ಕಿಂತ ಜೋರಾಗಿ ನಡುಗುತ್ತಿತ್ತು. ಕಾಲು ಗಂಟೆಯ ಮೇಲೆ ನೋಡಿದರೆ 96.

ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡು, ಕಿಟಕಿಯಾಚೆಯ ಗಿಡವನ್ನೊಮ್ಮೆ ಹೆಮ್ಮೆಯಿಂದ ನೋಡಿ ಹೇಳಿದರು: “ಆ ಎಲೆ ಇಷ್ಟು ಜೋರು ಅಂತ ನನಗೂ ಗೊತ್ತಿರಲಿಲ್ಲ ಮೇಷ್ಟ್ರೇ. ನಾಳೆಯಿಂದ ಅರ್ಧ ಸಾಕು.”